ವಳಸಂಗದ ಬೋರ್ಡಿನ ಮೇಲಿನ ಮುಖ

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾನೂ ಗೋಪಿಕಾ ತೋಳನೂರೆಯೂ ಒಂದೇ ಸೀಟಿನಲ್ಲಿ ಕೂಡುತ್ತೇವೆ. ಇಬ್ಬರೂ ಅಕ್ಕಲಕೋಟದ ಒಂದೇ ಖಾಸಗಿ ಶಾಲೆಯ ಶಿಕ್ಷಕಿಯರು. ನಾನು ಗಣಿತ ಕಲಿಸುತ್ತೇನೆ, ಅವಳು ಚಿತ್ರಕಲೆ. ಆ ದಿನ ಕುಂಭಾರಿ ದಾಟಿ ವಳಸಂಗದ ಹತ್ತಿರ ಬಸ್ಸು ನಿಂತಾಗ ಅವಳು ಕಿಟಕಿಯ ಬದಿಗೆ ಕೂತು ಏನೋ ಹೇಳುತ್ತಿದ್ದಳು. ಮಾತು ಅರ್ಧಕ್ಕೇ ನಿಂತಿತು.

"ಶ್ರೀಲೇಖಾ, ಅಲ್ಲಿ ನೋಡು. ಅದು ನಾನ ಅಲ್ಲೇನು?"

ಹೊಲದ ಅಂಚಿನಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟು ದೊಡ್ಡ ಫ್ಲೆಕ್ಸ್ ಬೋರ್ಡು ಕಟ್ಟಿದ್ದರು. ಅದರ ಮೇಲೆ ಎರಡು ಮುಖ. ಎಡಗಡೆಯದರ ಕೆಳಗೆ ಮರಾಠಿಯಲ್ಲಿ 'ಆಧಿ', ಅಂದರೆ ಮೊದಲು. ಬಲಗಡೆಯದರ ಕೆಳಗೆ 'ನಂತರ'. ಎಡಗಡೆ ಇದ್ದದ್ದು ಗೋಪಿಕಾ. ಕಣ್ಣಿನ ಸುತ್ತ, ತುಟಿಯ ಮೂಲೆಯಿಂದ ಗದ್ದದವರೆಗೆ ಅವಳ ಬಿಳಿ ಕಲೆಗಳು. ಶಾಲೆಯ ಗುರುತಿನ ಚೀಟಿಗೆಂದು ತೆಗೆಸಿದ ಫೋಟೋ, ಅದೇ ನೀಲಿ ಪರದೆ, ಅದೇ ಹಳದಿ ಕುರ್ತಾ. ಬಲಗಡೆ ಇದ್ದವಳೂ ಅವಳೇ. ಆದರೆ ಕಂಪ್ಯೂಟರಿನಲ್ಲಿ ಕಲೆಗಳನ್ನೆಲ್ಲ ಒರೆಸಿ, ಮೈಬಣ್ಣವನ್ನು ಹಾಲು ಬೆರೆಸಿದಂತೆ ತಿಳಿ ಮಾಡಿ, ತುಟಿಗೆ ಗುಲಾಬಿ ತುಂಬಿದ್ದರು. ಕೆಳಗೆ ಅಕ್ಕಲಕೋಟದ ಒಂದು ಚರ್ಮದ ಕ್ಲಿನಿಕ್ಕಿನ ಹೆಸರು, ಫೋನ್ ನಂಬರು, ತೊನ್ನು ಬೇರುಸಹಿತ ಹೋಗುತ್ತದೆ ಎಂಬ ಭರವಸೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪುಕ್ಕಟೆ ಜಾಹೀರಾತು ಅವರಿಗೆ ಒಮ್ಮೆ ಸಿಕ್ಕದ್ದು ಸಾಕು.

ಬಸ್ಸಿನಲ್ಲಿದ್ದವರು ಬೋರ್ಡನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಬೋರ್ಡನ್ನು ನೋಡಿದರು. ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ಬಹಳ ಕಾಳಜಿಯಿಂದ ಕೇಳಿದಳು: "ಬಾಯಿ, ನಿಮ್ದು ಇನ್ನೂ ನಂತರ ಆಗಿಲ್ಲೇನ್ರಿ?"

ಅಕ್ಕಲಕೋಟ ಬರುವಷ್ಟರಲ್ಲಿ ಅಂಥವೇ ಇನ್ನೂ ಕೆಲವು ಬೋರ್ಡು ಕಂಡವು. ಪ್ರತಿಯೊಂದು ಬಂದಾಗಲೂ ಗೋಪಿಕಾಳ ಕೈ ಮುಂದಿನ ಸೀಟಿನ ಸರಳನ್ನು ಬಿಗಿಹಿಡಿಯುತ್ತಿತ್ತು.

ಅವಳ ಮನೆ ಸೊಲ್ಲಾಪುರದ ಮಂಗಳವಾರ ಪೇಟೆಯಲ್ಲಿ. ತಂದೆ ಶಿವಾನಂದ ಅವರದು ದಾರ, ಗುಂಡಿ, ಲೇಸು, ಸೀರೆಯ ಫಾಲು ಮಾರುವ ಅಂಗಡಿ, ಅಜ್ಜನ ಕಾಲದ್ದು. ಒಂದೇ ಕೆಂಪಿನಲ್ಲಿ ಎಷ್ಟೊಂದು ಕೆಂಪು ಇರುತ್ತವೆ ಎಂಬುದನ್ನು ಗೋಪಿಕಾ ಆ ಅಂಗಡಿಯ ದಾರದ ಉಂಡೆಗಳ ನಡುವೆ ಕೂತು ಕಲಿತವಳು. ಸಣ್ಣ ಹುಡುಗಿಯಾಗಿದ್ದಾಗ ಮೊದಲ ಕಲೆ ಹುಬ್ಬಿನ ಹತ್ತಿರ ಬಂತು. ನಮ್ಮಲ್ಲಿ ಕೆಲವರು ಅದನ್ನು ತೊನ್ನು ಅನ್ನುತ್ತಾರೆ, ಸೊಲ್ಲಾಪುರದ ಮಂದಿ ಮರಾಠಿಯಲ್ಲಿ ಕೋಡ ಅನ್ನುತ್ತಾರೆ. ಎರಡೂ ಮಾತನ್ನು ದನಿ ತಗ್ಗಿಸಿಯೇ ಆಡುತ್ತಾರೆ. ತಾಯಿ ಸುಮಿತ್ರಾಬಾಯಿ ಮಗಳನ್ನು ಕರೆದುಕೊಂಡು ತಿರುಗದ ಊರಿಲ್ಲ. ಯಾರೋ ಕೊಟ್ಟ ಬೇರು ಅರೆದು ಹಚ್ಚಿದರು, ಯಾರೋ ಹೇಳಿದರೆಂದು ಉಪ್ಪು ಬಿಡಿಸಿದರು, ಎಣ್ಣೆ ಸವರಿ ಮಾಳಿಗೆಯ ಬಿಸಿಲಿಗೆ ಕೂಡಿಸಿದರು. ಕೆನ್ನೆ ಸುಟ್ಟಿತು, ಕಲೆ ಉಳಿಯಿತು.

ಡ್ರಾಯಿಂಗ್ ಟೀಚರ್ ಕೋರ್ಸಿಗೆ ಸೇರಿದ ವರ್ಷ ಗೋಪಿಕಾ ತಾಯಿಗೆ ಒಂದೇ ಮಾತು ಹೇಳಿದಳು. "ಅವ್ವಾ, ಇನ್ನ ಮುಂದ ನನ್ನ ಮುಖಕ್ಕ ಯಾರೂ ಏನೂ ಹಚ್ಚೂದು ಬ್ಯಾಡ. ಇದು ನೋಯಂಗಿಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ. ಇರಲಿ ಬಿಡು." ಅವತ್ತಿನಿಂದ ಅವಳು ಮುಖಕ್ಕೆ ಓಢಣಿ ಸುತ್ತುವುದನ್ನು ಬಿಟ್ಟಳು. ಕ್ಲಾಸಿನಲ್ಲಿ ಹೊಸ ಮಕ್ಕಳು ಕೇಳಿದರೆ ಒಂದು ನಿಮಿಷದಲ್ಲಿ ತಿಳಿಸಿ ಹೇಳಿ ಪಾಠಕ್ಕೆ ಹೋಗುತ್ತಿದ್ದಳು.

ಬೋರ್ಡು ಕಂಡ ವರ್ಷ ಒಂಬತ್ತನೇ ತರಗತಿಗೆ ಅವಳು ಪಾಪ್ ಆರ್ಟ್ ಕಲಿಸುತ್ತಿದ್ದಳು. ಆ ರೀತಿಯಲ್ಲಿ ತಮ್ಮ ಮುಖವನ್ನು ತಾವೇ ಚಿತ್ರ ಮಾಡುವುದು ಮಕ್ಕಳ ಕೆಲಸ. "ಪಾಪ್ ಆರ್ಟ್ ಅಂದ್ರ ಅಂಗಡ್ಯಾಗಿನ ಕಲಾ," ಅನ್ನುತ್ತಿದ್ದಳು. "ಸಾಬಣದ ಪುಡಿಕಿ, ಸಿನಿಮಾದ ಪೋಸ್ಟರ್, ಬಾಟ್ಲಿ ಮ್ಯಾಲಿನ ಚೀಟಿ. ಅವು ದೂರದಿಂದನ ಕಣ್ಣಿಗೆ ಹೊಡೀತಾವಲ್ಲ, ಹಂಗ ನಿಮ್ಮ ಮುಖ ಹೊಡೀಬೇಕು."

ಅವಳ ಪಾಠ ಮುಗಿಯುವ ಹೊತ್ತಿಗೆ ನಾನು ಅದೇ ಕೋಣೆಗೆ ಹೋಗಬೇಕಾಗಿದ್ದರಿಂದ ಬಾಗಿಲಲ್ಲಿ ನಿಂತು ಎಷ್ಟೋ ಸಲ ನೋಡಿದ್ದೇನೆ. ಮೊದಲು ಒಂದು ಕಡೆಯಿಂದ ಜೋರು ಬೆಳಕು ಬೀಳುವಂತೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ. ಅದನ್ನು ಕಪ್ಪುಬಿಳುಪು ಮಾಡಿ, ನಡುವಿನ ಬೂದು ಛಾಯೆಗಳನ್ನೆಲ್ಲ ತೆಗೆದುಹಾಕಬೇಕು. ಆಗ ಉಳಿಯುವುದು ಕಪ್ಪಿನ ಕೆಲವೇ ತುಂಡುಗಳು: ಹುಬ್ಬು, ಮೂಗಿನ ನೆರಳು, ತುಟಿಯ ಗೆರೆ, ಕೂದಲು. ಅಷ್ಟನ್ನೇ ಟ್ರೇಸಿಂಗ್ ಕಾಗದಕ್ಕೆ ಇಳಿಸಿಕೊಂಡು ಒಂದೇ ಹಾಳೆಯಲ್ಲಿ ಅದೇ ಮುಖವನ್ನು ಮತ್ತೆ ಮತ್ತೆ ಮೂಡಿಸಬೇಕು. ಆಮೇಲೆ ಬಣ್ಣ. ಬಣ್ಣದಲ್ಲಿ ಬಣ್ಣ ಕಲಸುವಂತಿಲ್ಲ, ಒಂದು ಜಾಗಕ್ಕೆ ಒಂದೇ, ಸಪಾಟಾಗಿ. ಮುಖ ಹಸಿರಾಗಬಹುದು, ಕೂದಲು ಗುಲಾಬಿಯಾಗಬಹುದು. ಹಿಂದಿನ ಖಾಲಿ ಜಾಗಕ್ಕೆ ಪೆನ್ಸಿಲಿನ ಹಿಂದಿರುವ ರಬ್ಬರನ್ನು ಬಣ್ಣದಲ್ಲಿ ಅದ್ದಿ ಸಾಲು ಸಾಲಾಗಿ ಚುಕ್ಕಿ ಒತ್ತಬೇಕು. ಪತ್ರಿಕೆಯ ಫೋಟೋವನ್ನು ಭೂತಗನ್ನಡಿಯಿಂದ ನೋಡಿದರೆ ಕಾಣುತ್ತವಲ್ಲ, ಅಂಥ ಚುಕ್ಕಿಗಳು.

"ಟೀಚರ್, ನಿಮ್ಮ ಮುಖ ಯಾವಾಗ ಮಾಡ್ತೀರಿ?" ಎಂದು ಒಬ್ಬ ಹುಡುಗಿ ಕೇಳಿದ್ದಳಂತೆ. ನಕ್ಕು, ಮೊದಲು ನಿನ್ನ ಚುಕ್ಕಿ ಒತ್ತು ಎಂದಿದ್ದಳಂತೆ ಇವಳು. ಮಕ್ಕಳಿಗೆಲ್ಲ ಕಲಿಸಿದವಳು ತನ್ನದನ್ನು ಮಾತ್ರ ಎಂದೂ ಮಾಡಿರಲಿಲ್ಲ.

ಬೋರ್ಡು ಕಂಡ ದಿನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಗುರುತಿನ ಚೀಟಿಯ ಫೋಟೋ ತೆಗೆಸಿದ್ದ ಸ್ಟುಡಿಯೋಕ್ಕೆ ಹೋದೆವು. ಅಮೋಲ್ ಅನ್ನುವವನದು ಆ ಅಂಗಡಿ. ಮುಂದುಗಡೆ ಪಾಸ್‌ಪೋರ್ಟ್ ಫೋಟೋ, ಹಿಂದುಗಡೆ ಫ್ಲೆಕ್ಸ್ ಡಿಸೈನು. ಅವನು ಅಲ್ಲಗಳೆಯಲೂ ಇಲ್ಲ.

"ಡಾಕ್ಟರ್ ಸಾಹೇಬ್ರು ಹಂತಾ ಮುಖ ಯಾವುದರ ಅದಾವೇನು ಅಂತ ಕೇಳಿದ್ರು ಬಾಯಿ. ನಿಮ್ದು ಕಂಪ್ಯೂಟರ್‌ನ್ಯಾಗ ಇತ್ತು."

"ನನ್ನ ಕೇಳಬೇಕು ಅಂತ ಅನ್ನಿಸಲಿಲ್ಲೇನು?"

"ಅದರಾಗ ನಿಮ್ಮ ಹೆಸರೆಲ್ಲಿ ಹಾಕೀನ್ರಿ?" ಎಂದ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಹೆಸರು ಹಾಕದಿದ್ದರೆ ಮುಖ ಯಾರದ್ದೂ ಅಲ್ಲ ಎಂಬುದು ಅವನ ತಿಳುವಳಿಕೆ.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಮಂದಾರ ನಮ್ಮನ್ನು ಕುರ್ಚಿ ಕೊಟ್ಟು ಕೂಡಿಸಿದ, ಚಹಾ ತರಿಸಲೇ ಎಂದ. ಡಾಕ್ಟರ್ ಎಂದು ಅವನೇ ಕರೆದುಕೊಳ್ಳುತ್ತಿದ್ದ. ಗೋಡೆಯ ಮೇಲೆ ತೂಗುಹಾಕಿದ್ದ ಸರ್ಟಿಫಿಕೇಟಿನಲ್ಲಿ ಏನು ಬರೆದಿತ್ತೋ, ಅಕ್ಷರಕ್ಕಿಂತ ಚೌಕಟ್ಟೇ ದೊಡ್ಡದಿತ್ತು. ಗೋಪಿಕಾಳ ಮಾತನ್ನೆಲ್ಲ ಕೇಳಿ ಅವನು ತಣ್ಣಗೆ ಹೇಳಿದ:

"ಮ್ಯಾಡಮ್, ಅದು ನಿಮ್ಮ ಫೋಟೋ ಅಂತ ಯಾರು ಹೇಳಿದ್ರು? ಅದು ಕಂಪ್ಯೂಟರ್ ಮಾಡಿದ ಚಿತ್ರ. ಹೋಲಿಕಿ ಇರಬಹುದು. ಇರಲಿ, ಇಷ್ಟು ದೂರ ಬಂದೀರಿ, ನಿಮಗ ಟ್ರೀಟ್‌ಮೆಂಟ್ ಫ್ರೀ ಮಾಡ್ತೀನಿ. ಬಲಗಡೆ ಫೋಟೋದಾಗ ಇದ್ದಂಗ ಆಗ್ತೀರಿ. ಆಗ ನಿಮಗೂ ಸಿಟ್ಟು ಇರೂದಿಲ್ಲ."

ಗೋಪಿಕಾ ಎದ್ದು ನಿಂತಳು. "ಬೋರ್ಡು ತಗೀರಿ," ಅಂದಳು.

"ಲಗ್ನದ ಸೀಜನ್ ಮುಗಿದ ಮ್ಯಾಲೆ ನೋಡೂಣು," ಎಂದ ಅವನು, ಮುಂದಿನ ಪೇಶಂಟಿನ ಹೆಸರು ಕೂಗಿದ.

ಪೊಲೀಸ್ ಚೌಕಿಯಲ್ಲಿ ಸಾಹೇಬರು ಮೊಬೈಲಿನಲ್ಲಿ ಬೋರ್ಡಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದರು, ಅವಳ ಮುಖವನ್ನು ನೋಡಿದರು. "ಎಡಗಡೀದು ನಿಮ್ಮಂಗ ಅದ, ಖರೆ," ಅಂದರು. "ಬಲಗಡೀದು ನಿಮ್ಮಂಗ ಇಲ್ಲಲ್ಲ. ಅರ್ಧ ಬೋರ್ಡಿಗೆ ತಕ್ರಾರು ಹೆಂಗ ತಗೊಳ್ಳೂದು ಬಾಯಿ?" ಅರ್ಜಿ ಇಟ್ಟುಕೊಂಡರು, ವಿಚಾರಿಸುತ್ತೇವೆ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಅವಳಿಗೆ ಅಳು ಬರುತ್ತಿದೆ ಅಂದುಕೊಂಡು ನಾನು ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು. "ಅಳೂದಕ್ಕ ಏನಾಗೇದ?" ಎಂದಳು.

ಮನೆಯಲ್ಲಿ ಇನ್ನೊಂದು ಪಾಡು. ಓಣಿಯ ಹೆಂಗಸರು ಬಂದು ಸುಮಿತ್ರಾಬಾಯಿಗೆ ಶುಭ ಕೋರತೊಡಗಿದರು. ಮಗಳಿಗೆ ಆರಾಮಾಯಿತಂತಲ್ಲ, ಬೋರ್ಡಿನಲ್ಲಿ ನೋಡಿದೆವು, ಆ ಡಾಕ್ಟರು ಯಾವ ಗಲ್ಲಿಯಲ್ಲಿದ್ದಾನೆ, ನಮ್ಮ ಅಕ್ಕನ ಮಗಳಿಗೂ ಇದೆ ಎಂದು. ಮಗಳು ಅವರ ಎದುರಿಗೇ ಕೂತಿದ್ದರೂ ಅವರಿಗೆ ಬೋರ್ಡಿನ ಮುಖದ ಮೇಲೆ ಹೆಚ್ಚು ನಂಬಿಕೆ. ಶಿವಾನಂದ ಅವರು ಅಂಗಡಿಯಿಂದ ಬಂದು ಮಗಳನ್ನು ಕರೆದು ಮೆತ್ತಗೆ ಹೇಳಿದರು: "ಬಿಡವಾ. ನಾವು ವ್ಯಾಪಾರದ ಮಂದಿ. ನಾಕು ದಿನ ಬಿಸಲಾಗ ಇದ್ದು ಬಣ್ಣ ಹೋಗ್ತದ ಅದು. ಚೌಕಿಗೀಕಿ ಬ್ಯಾಡ."

"ಬಣ್ಣ ಹೋಗೂತನಕ ನಾ ಎಲ್ಲಿ ಹೋಗಲಿ ಅಪ್ಪಾ?" ಎಂದಳು ಗೋಪಿಕಾ.

ಶಾಲೆಯ ಹೆಡ್ ಮಾಸ್ತರರ ಹತ್ತಿರ ಅದಕ್ಕೆ ಉತ್ತರವಿತ್ತು. ಪಾಲಕರು ಫೋನ್ ಮಾಡುತ್ತಿದ್ದಾರೆ, ಸ್ವಲ್ಪ ದಿನ ರಜೆ ತೆಗೆದುಕೊಳ್ಳಿರಿ ಎಂದರು. ಅವಳು ಪಾಠದ ಹೊತ್ತಾಯಿತೆಂದು ಎದ್ದು ಹೋಗಿ ಪಾಠ ಮಾಡಿದಳು. ಮುಖ ಕದ್ದವನು ಅಂಗಡಿ ತೆರೆದು ಕೂತಿದ್ದಾನೆ, ಕಳಕೊಂಡವಳು ಮನೆಯಲ್ಲಿ ಕೂಡಬೇಕು. ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನನಗೆ ಇವತ್ತಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ.

ಇಷ್ಟಾದರೂ ಅವಳ ಸಿಟ್ಟು ತನ್ನ ಮಾನದ ಸುತ್ತಲೇ ಇತ್ತು. ಅದು ಬೇರೆಯಾದದ್ದು ತುಳಜಾಬಾಯಿಯಿಂದ.

ಒಂದು ಸಂಜೆ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೆವು. ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದ ಹೆಂಗಸೊಬ್ಬಳು ಸೀದಾ ಬಂದು ಗೋಪಿಕಾಳ ಮಣಿಕಟ್ಟು ಹಿಡಿದಳು. ಕರಜಗಿಯ ಕುರಿಗಾರರ ಮನೆಯವಳು, ನಲವತ್ತರ ಆಸುಪಾಸು, ಗಟ್ಟಿ ಕೈ. ಗೋಪಿಕಾಳ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ತನ್ನ ಸೆರಗು ಸರಿಸಿದಳು. ಒಂದು ಕೆನ್ನೆಯ ತುಂಬ ಬೊಬ್ಬೆ ಒಡೆದು ಕಪ್ಪು ಕಟ್ಟಿ ಹಕ್ಕಳೆಯಾಗಿತ್ತು. ಅದರ ಅಂಚಿನಲ್ಲಿ ಹಳೆಯ ಬಿಳಿ ಕಲೆ ಹಾಗೇ ಇತ್ತು.

"ನಿನ್ನ ಮಾರಿ ನೋಡಿ ಹೋಗಿದ್ನೆವ್ವ ನಾ," ಅಂದಳು. "ಮುಲಾಮು ಕೊಟ್ಟು, ಹಚ್ಚಿಕೊಂಡು ಬಿಸಲಾಗ ಕೂಡು ಅಂದ್ರು. ಹಿಂಗಾತು. ಹೋಗಿ ಕೇಳಿದ್ರ, ಬೋರ್ಡಿನ್ಯಾಗಿನ ಬಾಯಿಗೆ ಆರಾಮಾಗೇತಿ, ನಿನ್ನ ಚರ್ಮನ ಖೊಟ್ಟಿ ಐತಿ ಅಂದ್ರು. ನಿನಗೂ ಹಂಗ ಐತಲ್ಲ. ಯಾಕ ಸುಳ್ಳ ಹೇಳಿದಿ?"

"ನಾ ಹೇಳಿಲ್ಲವ್ವ. ನನ್ನ ಮಾರಿ ಕದ್ದು ಹಾಕ್ಯಾರ."

ತುಳಜಾಬಾಯಿ ಅವಳ ಕೈ ಬಿಡಲಿಲ್ಲ. "ಕದ್ರು ಅಂತಿ. ಕದ್ದ ಮ್ಯಾಲೆ ನೀ ಏನ್ ಮಾಡಿದಿ?"

ಆ ಬಸ್ಸು ನಮ್ಮ ಕಣ್ಣ ಮುಂದೆಯೇ ಹೊರಟುಹೋಯಿತು. ನಾವು ಮೊದಲು ತುಳಜಾಬಾಯಿಯನ್ನು ದವಾಖಾನೆಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ಗಾಯ ತೊಳೆದು, ಸುಟ್ಟ ಗಾಯಕ್ಕೆ ಔಷಧಿ ಕೊಟ್ಟು, ಇಂಥ ಮುಲಾಮಿನಿಂದ ಸುಟ್ಟುಕೊಂಡು ಬಂದವಳು ಇವಳೊಬ್ಬಳೇ ಅಲ್ಲ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಗೋಪಿಕಾ ಒಂದೇ ಮಾತಾಡಿದಳು. "ನನ್ನ ಮುಖ ಸುಳ್ಳ ಹೇಳಾಕತ್ತದ ಶ್ರೀಲೇಖಾ. ದಿನಾ ಹೇಳಾಕತ್ತದ, ನಾ ಸುಮ್ಮ ಬಸ್ಸಿನ್ಯಾಗ ಕೂತು ನೋಡಕೋತ ಹೋಗಾಕತ್ತೀನಿ."

ಆ ಭಾನುವಾರ ಅವಳು ಮನೆಯ ಕಿಟಕಿಯ ಬೆಳಕಿನಲ್ಲಿ ನಿಂತು ತನ್ನ ಫೋಟೋ ತೆಗೆಸಿಕೊಂಡಳು. ತೆಗೆದವಳು ನಾನು. ನಗಬೇಡ ಎಂದು ಹೇಳುವ ಅಗತ್ಯವಿರಲಿಲ್ಲ. ನೆಟ್ಟಗೆ ಕ್ಯಾಮೆರಾ ನೋಡಿದಳು. ಮಕ್ಕಳಿಗೆ ಹೇಳಿಕೊಟ್ಟ ರೀತಿಯಲ್ಲೇ ಬೂದು ಛಾಯೆ ತೆಗೆದಳು, ಟ್ರೇಸಿಂಗ್ ಕಾಗದ ಹಾಸಿ ಗೆರೆ ಇಳಿಸಿದಳು. ಹುಬ್ಬು, ಮೂಗು, ತುಟಿ ಬೇಗ ಮುಗಿದವು. ಕಲೆಗಳ ಅಂಚಿಗೆ ಬಹಳ ಹೊತ್ತು ಹಿಡಿಯಿತು. ಎಲ್ಲಿ ಒಳಗೆ ಸರಿದಿದೆ, ಎಲ್ಲಿ ನಾಲಗೆಯಂತೆ ಚಾಚಿದೆ, ಎಲ್ಲವನ್ನೂ ಕನ್ನಡಿ ಹಿಡಿದು ನೋಡಿ ನೋಡಿ ಬರೆದಳು. ನಡುವೆ ಒಮ್ಮೆ ತಲೆ ಎತ್ತಿ, "ಕಿವಿ ಹತ್ತಿರ ಹೊಸದು ಬಂದದ, ನೋಡಿಲ್ಲ ನಾನು," ಎಂದಳು. "ಫ್ಲೆಕ್ಸಿನ್ಯಾಗ ಇದು ಇಲ್ಲ. ಅದರ ಮ್ಯಾಲೆ ನಂತರ ಅಂತ ಬರದಾರ. ಖರೆ ನಂತರ ಇದು." ಬಹಳ ದಿನದ ಮೇಲೆ ಅವಳ ದನಿಯಲ್ಲಿ ಒಂದು ತೃಪ್ತಿ ಕೇಳಿದೆ.

ಅವಳ ಜೊತೆ ಕೋರ್ಸು ಮಾಡಿದ ಕೈಲಾಸ ಸೊಲ್ಲಾಪುರದಲ್ಲಿ ಮದುವೆ ಕಾರ್ಡು, ಬಟ್ಟೆಯ ಚೀಲಗಳಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಾನೆ. ಅವನಿಗೆ ಮೊದಲು ಹೆದರಿಕೆ. "ನನ್ನ ಅಂಗಡಿ ಹೆಸರು ಎಲ್ಲೂ ಬರಬಾರದು ನೋಡು," ಎಂದ. ಆದರೆ ಕೆಲಸ ಅವನಿಗೂ ಇಷ್ಟವಾಯಿತು. ಮರದ ಚೌಕಟ್ಟಿಗೆ ಬಿಗಿದ ತೆಳು ಜಾಳಿಗೆ ಬಟ್ಟೆಗೆ ಬೆಳಕು ತಾಕಿದರೆ ಗಟ್ಟಿಯಾಗುವ ಮಸಾಲೆ ಸವರಿ ಒಣಗಿಸಬೇಕು. ಕಪ್ಪು ಮಸಿಯಲ್ಲಿ ಬರೆದ ಕಾಗದವನ್ನು ಅದರ ಮೇಲೆ ಹಾಸಿ ಬಿಸಿಲಿಗೆ ಹಿಡಿಯಬೇಕು. ಮಸಿ ಇದ್ದಲ್ಲಿ ಬೆಳಕು ಹಾಯುವುದಿಲ್ಲ. ನೀರು ಬಿಟ್ಟಾಗ ಅಷ್ಟು ಜಾಗ ತೊಳೆದುಹೋಗಿ ಬಟ್ಟೆಯ ಕಣ್ಣು ತೆರೆಯುತ್ತದೆ. ಆಮೇಲೆ ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದರೆ ಆ ಕಣ್ಣುಗಳಿಂದ ಮಾತ್ರ ಕಾಗದಕ್ಕೆ ಇಳಿಯುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು.

ಹಾಳೆಯಲ್ಲಿ ನಾಲ್ಕು ಮುಖ. ಮೊದಲನೆಯದು ನೀಲಿ, ಕಲೆಗಳು ಕಣ್ಣು ಕುಕ್ಕುವ ಹಳದಿ. ಎರಡನೆಯದು ಕೆಂಪು, ಕಲೆಗಳು ಗಿಳಿಹಸಿರು. ಮೂರನೆಯದು ನೇರಳೆ, ಕಲೆಗಳು ಕಿತ್ತಳೆ. ನಾಲ್ಕನೆಯದಕ್ಕೆ ಅವಳ ಮೈಬಣ್ಣದ ಕಂದು.

"ಇದರಾಗಿನ ಕಲೆಗೆ ಯಾವ ಬಣ್ಣ?" ಎಂದು ಕೈಲಾಸ ಕೇಳಿದ.

"ಏನೂ ಬ್ಯಾಡ. ಕಾಗದ ಹಂಗ ಬಿಡು."

ಕಂದು ಬಣ್ಣ ಎಳೆದು ಚೌಕಟ್ಟು ಎತ್ತಿದಾಗ ಆ ಮುಖದಲ್ಲಿ ಬಿಳಿ ಕಾಗದವೇ ಅವಳ ಕಲೆಯಾಗಿತ್ತು. ಹಿಂದೆ ಕಪ್ಪು ಚುಕ್ಕಿಗಳ ಸಾಲು. ಕೈಲಾಸ ಹಾಳೆಯನ್ನು ದಾರಕ್ಕೆ ತೂಗುಹಾಕಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದ. "ಇಲ್ಲಿತನಕ ಹೊಡೀತದ," ಎಂದು ಅಲ್ಲಿಂದಲೇ ಕೂಗಿದ.

ಕೆಳಗೆ ಏನು ಬರೆಯಬೇಕೆಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಮರಾಠಿಯಲ್ಲಿ ತಾನೇ ಬರೆದಳು. ಆದರೆ ಕರಜಗಿ ಕಡೆಯ ಹಿರಿಯರಿಗೆ, ಗಡಿಯ ಹಳ್ಳಿಗಳಿಗೆ ಕನ್ನಡವೂ ಬೇಕು. ಮನೆಯಲ್ಲಿ ಕನ್ನಡವನ್ನೇ ಮಾತಾಡುವ ಗೋಪಿಕಾ ಓದಿದ್ದು ಮರಾಠಿ ಶಾಲೆಯಲ್ಲಿ; ಒತ್ತಕ್ಷರ ಬಂದಲ್ಲೆಲ್ಲ ತೊಡಕು. ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದು ಅಳಿಸುತ್ತಿದ್ದಳು. ಶಿವಾನಂದ ಅವರು ಊಟದ ಕೈ ತೊಳೆದು ಬಂದವರು ನಿಂತು ನೋಡಿದರು. ಬೇಡ ಎಂದು ಇನ್ನೊಮ್ಮೆ ಹೇಳುತ್ತಾರೆಂದು ನಾನು ಕಾದೆ. ಅವರು ಕನ್ನಡಕ ಹಾಕಿಕೊಂಡು ಮಗಳ ಕೈಯಿಂದ ಪೆನ್ನು ತೆಗೆದುಕೊಂಡರು.

"ಏನಂತ ಬರೀಬೇಕು, ಹೇಳು."

ಅವಳು ಹೇಳಿದಳು, ಅವರು ಬರೆದರು. ಈ ಮುಖ ನನ್ನದು. ನನ್ನ ಕಲೆ ಹೋಗಿಲ್ಲ. ಬೋರ್ಡಿನ ಕ್ಲಿನಿಕ್ಕಿನ ಔಷಧಿ ನಾನು ಹಚ್ಚಿಕೊಂಡಿಲ್ಲ. ನನ್ನ ಮುಖ ನೋಡಿ ಮುಲಾಮು ಹಚ್ಚಿಕೊಳ್ಳಬೇಡಿರಿ. ಗೋಪಿಕಾ ಶಿವಾನಂದ ತೋಳನೂರೆ. ಕೊನೆಯ ಸಾಲಿನಲ್ಲಿ ತಮ್ಮ ಹೆಸರು ಬರೆಯುವಾಗ ಅವರ ಕೈ ಒಂದು ಕ್ಷಣ ನಿಂತಿತು. ಆಮೇಲೆ ಉಳಿದೆಲ್ಲ ಅಕ್ಷರಗಳಿಗಿಂತ ದಪ್ಪಗೆ ಬರೆದರು.

ಸುಮಿತ್ರಾಬಾಯಿ ಮೈದಾ ಹಿಟ್ಟಿನ ಅಂಟು ಕುದಿಸಿ ಬಕೆಟ್ಟಿನಲ್ಲಿ ತುಂಬಿಕೊಟ್ಟರು. ಎಷ್ಟೋ ವರ್ಷ ಮಗಳ ಮುಖಕ್ಕೆ ಲೇಪ ಅರೆದ ಕೈ ಅದು. "ಗಂಟಾಗದಂಗ ಕಲಕೋತ ಇರ್ರಿ," ಎಂದಷ್ಟೇ ಹೇಳಿದರು. ಮರುದಿನ ಓಣಿಯ ಹೆಂಗಸೊಬ್ಬಳು ಡಾಕ್ಟರನ ವಿಳಾಸ ಕೇಳಿಕೊಂಡು ಬಂದಾಗ, ಬಾಗಿಲಲ್ಲೇ ನಿಲ್ಲಿಸಿ ಒಂದು ಹಾಳೆ ಕೈಗೆ ಕೊಟ್ಟು ಕಳಿಸಿದರಂತೆ.

ಮುಂದಿನ ರಜೆಯ ದಿನ ಹಾಡಹಗಲೇ ನನ್ನ ಸ್ಕೂಟಿಯಲ್ಲಿ ನಾವಿಬ್ಬರೂ ಹೊರಟೆವು. ಕದ್ದು ಅಂಟಿಸುವುದು ಬೇಡ ಎಂದು ಗೋಪಿಕಾ ಮೊದಲೇ ಹೇಳಿದ್ದಳು. ಚಹಾದ ಅಂಗಡಿ, ಗ್ಯಾರೇಜು, ಕಿರಾಣಿ, ಎಲ್ಲ ಕಡೆ ಮಾಲೀಕರನ್ನು ಕೇಳಿದೆವು. ಕೆಲವರು ಆಗುವುದಿಲ್ಲ ಅಂದರು. ಹೆಚ್ಚಿನವರು ಹಾಳೆ ನೋಡಿ, ಅವಳನ್ನು ನೋಡಿ, ಗೋಡೆ ತೋರಿಸಿದರು. ವಳಸಂಗದಲ್ಲಿ ಬೋರ್ಡಿಗೆ ಜಾಗ ಕೊಟ್ಟಿದ್ದ ಹೊಲದ ಯಜಮಾನ, ಇದು ಖರೆ ಮನುಷ್ಯರ ಫೋಟೋ ಅಂತ ನನಗೇನು ಗೊತ್ತು ಬಾಯಿ ಎಂದು ಗೊಣಗಿದ. ಆಮೇಲೆ ತಾನೇ ಒಂದು ಹಳೆಯ ತಗಡು ತಂದು ಆ ಕಂಬಕ್ಕೇ ಕಟ್ಟಿ, ಇದರ ಮೇಲೆ ಅಂಟಿಸಿರಿ ಎಂದ. ಬಿಸಿಲಿನಲ್ಲಿ ಅಂಟು ಒಣಗುವವರೆಗೆ ಗೋಪಿಕಾ ಹಾಳೆಯ ಮೂಲೆಗಳನ್ನು ಅಂಗೈಯಿಂದ ಒತ್ತಿಹಿಡಿದಿದ್ದಳು. ಮೇಲೆ ಅವಳ ಒರೆಸಿದ ಮುಖ, ಕೆಳಗೆ ನೀಲಿ, ಕೆಂಪು, ನೇರಳೆ, ಕಂದು ಮುಖಗಳು, ಪಕ್ಕದಲ್ಲಿ ಬೆವರು ಸುರಿಯುತ್ತಿದ್ದ ಅವಳು. ಹೋಗುತ್ತಿದ್ದ ಬಸ್ಸೊಂದು ನಿಧಾನವಾಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕನ್ನಡದ ಸಾಲುಗಳನ್ನು ಗಟ್ಟಿಯಾಗಿ ಓದಿದ.

ಎರಡೇ ದಿನದಲ್ಲಿ ಚೌಕಿಯಿಂದ ಕರೆ ಬಂತು. ಅವಳ ಅರ್ಜಿಯ ವಿಚಾರಣೆಗಲ್ಲ. ಮಂದಾರ ಅವಳ ಮೇಲೆ ದೂರು ಕೊಟ್ಟಿದ್ದ. ನಾವು ಹೋದಾಗ ಅವನು ಸಾಹೇಬರ ಎದುರು ಕೂತು ಪೋಸ್ಟರ್ ಹರವಿಕೊಂಡಿದ್ದ.

"ಇವರು ನಮ್ಮ ಜಾಹಿರಾತ ಕಾಪಿ ಮಾಡ್ಯಾರ," ಎಂದ. "ಇದು ನಮ್ಮ ಪೇಶಂಟಿನ ಮುಖ. ಪರವಾನಗಿ ಇಲ್ಲದ ಇವರು ಹೆಂಗ ಛಾಪಿಸಿದ್ರು? ನಮ್ಮ ಬದನಾಮಿ ಆಗಾಕತ್ತದ."

ಸಾಹೇಬರು ಪೋಸ್ಟರಿನಿಂದ ಕಣ್ಣೆತ್ತಿ ಗೋಪಿಕಾಳನ್ನು ನೋಡಿದರು. ಅವಳು ಕೂಡಲಿಲ್ಲ, ನಿಂತೇ ಹೇಳಿದಳು:

"ಸಾಹೇಬ್ರ, ಆವತ್ತು ಇವರು ಅದು ಕಂಪ್ಯೂಟರಿನ ಚಿತ್ರ ಅಂದಿದ್ರು. ಇವತ್ತು ಪೇಶಂಟ್ ಅನ್ನಾಕತ್ತಾರ. ಹಂಗಾದ್ರ ಆ ಪೇಶಂಟಿನ ಹೆಸರ ಹೇಳಲಿ. ಎಲ್ಲಿ ಇರ್ತಾಳ, ಎಂದು ಬಂದಿದ್ಲು, ಏನ್ ಔಷಧ ಕೊಟ್ರು, ಹೇಳಲಿ. ಆಕೀನ ಇಲ್ಲಿ ಕರಕೊಂಡು ಬಂದು ನನ್ನ ಪಕ್ಕ ನಿಂದ್ರಿಸಲಿ."

ಪೇಶಂಟಿನ ಹೆಸರು ಹೊರಗೆ ಹೇಳುವುದು ವೈದ್ಯಧರ್ಮವಲ್ಲ ಎಂದು ಮಂದಾರ ಏನೋ ತೊದಲಿದ. ಆಗ ತುಳಜಾಬಾಯಿ ಒಳಗೆ ಬಂದಳು. ಗೋಪಿಕಾ ಆಕೆಗೆ ಹೇಳಿ ಕಳಿಸಿದ್ದಳು. ಕರಜಗಿಯ ಬಸ್ಸು ತಡವಾಗಿತ್ತು. ಬಂದವಳೇ ಸೆರಗು ಸರಿಸಿ, "ಪೇಶಂಟ್ ಬೇಕಂದ್ರ ನಾ ಅದೀನ್ರಿ ಸಾಹೇಬ್ರ. ನನ್ನ ಮಾರಿ ಬೋರ್ಡಿಗೆ ಯಾಕ ಹಾಕಲಿಲ್ಲ, ಕೇಳ್ರಿ ಇವಗ," ಎಂದಳು.

ಆ ದಿನ ತುಳಜಾಬಾಯಿಯ ದೂರನ್ನು ಬರೆದುಕೊಂಡರು. ವಾರ ಕಳೆಯುವುದರೊಳಗೆ ರಸ್ತೆಯ ಬೋರ್ಡುಗಳು ಇಳಿದವು, ಕ್ಲಿನಿಕ್ಕಿನ ಶಟರ್ ಬಿತ್ತು. ಅದನ್ನು ಗೆಲುವು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮಂದಾರನಿಗೆ ಏನೂ ಆಗಲಿಲ್ಲ. ವಿಚಾರಣೆ ಇನ್ನೂ ನಡೆದಿದೆ ಎನ್ನುತ್ತಾರೆ, ಅವನ ಸುಳಿವಿಲ್ಲ. ಅಮೋಲನ ಸ್ಟುಡಿಯೋದಲ್ಲಿ ಇವತ್ತಿಗೂ ಮಂದಿ ಸಾಲುಹಚ್ಚಿ ಫೋಟೋ ತೆಗೆಸುತ್ತಾರೆ. ಹೆಡ್ ಮಾಸ್ತರರು ಮಾತ್ರ ರಜೆಯ ಮಾತು ಬಿಟ್ಟಿದ್ದಾರೆ. ಈಗ ಅತಿಥಿಗಳು ಬಂದರೆ, ಇವರೇ ನಮ್ಮ ಚಿತ್ರಕಲಾ ಶಿಕ್ಷಕಿ ಎಂದು ಮುಂದೆ ಕರೆದು ತೋರಿಸುತ್ತಾರೆ. ಗೋಪಿಕಾ ಆಗ ನಮಸ್ಕಾರವನ್ನೂ ಮಾಡುವುದಿಲ್ಲ.

ತುಳಜಾಬಾಯಿಯ ಗಾಯ ಒಣಗಿತು, ಕಪ್ಪು ಗುರುತು ಉಳಿಯಿತು. ಒಂದು ದಿನ ಆಕೆ ಸೊಲ್ಲಾಪುರದ ಕೈಲಾಸನ ಅಂಗಡಿಗೇ ಬಂದು, ನನ್ನದೂ ಒಂದು ಮಾಡಿಸಿಕೊಡು ಎಂದಳು. ಗೋಪಿಕಾ ಮಾಡಿಕೊಡುತ್ತೇನೆ ಎಂದರೆ ಆಕೆ ಒಪ್ಪಲಿಲ್ಲ, ತಾನೇ ಮಾಡಬೇಕು. ಫೋಟೋದ ಮೇಲೆ ಕಾಗದ ಹಾಸಿ, ಕುರಿಯ ಉಣ್ಣೆ ಕತ್ತರಿಸಿದ ಕೈಯಿಂದ ಪೆನ್ನು ಬಿಗಿಹಿಡಿದು ತನ್ನ ಮೂಗಿನ ನೆರಳು ಇಳಿಸಿದಳು. ಗೆರೆ ಸೊಟ್ಟಾಯಿತು. ಇರಲಿ ಬಿಡು, ನನ್ನ ಮೂಗೂ ಸೊಟ್ಟನ ಐತಿ ಎಂದಳು. ಮುಖಕ್ಕೆ ಕಡು ಹಸಿರು ಆರಿಸಿದಳು, ಬಿಳಿ ಕಲೆಗೆ ಗುಲಾಬಿ, ಸುಟ್ಟ ಗುರುತಿಗೆ ಕೆಂಪು. ರಬ್ಬರ್ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ತಾನೇ ಎಳೆದಳು. ಚೌಕಟ್ಟು ಎತ್ತಿದಾಗ ಬಹಳ ಹೊತ್ತು ನೋಡಿ, "ಸಿಟ್ಟಿಗೆದ್ದಂಗ ಕಾಣ್ತೀನಿ," ಎಂದಳು. ಮತ್ತೆ ಹೇಳಿದಳು, "ಸಿಟ್ಟಿಗೆ ಎದ್ದೀನಲ್ಲ, ಮತ್ತ."

ಹೋದ ತಿಂಗಳು ದುಧನಿಯಿಂದ ಆಕೆಯ ತಮ್ಮ ಮೈಲಾರಲಿಂಗ ಗೋಪಿಕಾಳ ಮೊಬೈಲಿಗೆ ಒಂದು ಫೋಟೋ ಕಳಿಸಿದ. ರೈಲ್ವೆ ಸ್ಟೇಶನ್ನಿನ ಹತ್ತಿರ ಹೊಸ ಬೋರ್ಡು, ಹೊಸ ಹೆಸರಿನ ಕ್ಲಿನಿಕ್ಕು, ಅವವೇ ಅಕ್ಷರಗಳು, 'ಆಧಿ' ಮತ್ತು 'ನಂತರ'. ಮುಖ ಬೇರೆ. ಇಪ್ಪತ್ತರ ಒಳಗಿನ ಹುಡುಗಿ, ಹಣೆಯ ಮೇಲೆ ಕಲೆ, ಎರಡು ಜಡೆ. ಯಾವ ಊರವಳೋ, ಯಾವ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋವೋ. ತನ್ನ ಮುಖ ಅಲ್ಲಿ ತೂಗುತ್ತಿದೆ ಎಂದು ಅವಳಿಗೆ ಗೊತ್ತಿರಲಿಕ್ಕೂ ಇಲ್ಲ.

ಆ ಫೋಟೋ ಬಂದಾಗ ಗೋಪಿಕಾ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದಳು. ನೋಡಿದಳು, ಡಬ್ಬಿ ಮುಚ್ಚಿದಳು, ಆ ಶನಿವಾರದ ರೈಲು ಎಷ್ಟಕ್ಕಿದೆ ಎಂದು ನನ್ನನ್ನು ಕೇಳಿದಳು. ಆಗಿನಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವಳೂ ತುಳಜಾಬಾಯಿಯೂ ದುಧನಿ ಸುತ್ತಲಿನ ಊರುಗಳಿಗೆ ಹೋಗಿ ಆ ಹುಡುಗಿಯನ್ನು ಹುಡುಕುತ್ತಿದ್ದಾರೆ.